ಧನುಷ್ಕೋಡಿಯ ಹಳೇ ಹಳಿಯ ಜಾಡು ಹಿಡಿಯುವುದು ಹೇಗೆ?

ಪ್ರಶ್ನೆ: ರಾಮೇಶ್ವರಕ್ಕೆ ಹೋಗುವವರಿದ್ದೇವೆ. 1964ರ ಚಂಡಮಾರುತಕ್ಕೆ ಕೊಚ್ಚಿಹೋದ ಧನುಷ್ಕೋಡಿ ರೈಲು ಮಾರ್ಗದ ಗುರುತು ಈಗಲೂ ಸಿಗುತ್ತದೆಯೇ? ರೈಲು ಅಲೆಗೆ ಸಿಕ್ಕಿದ ಜಾಗ ಯಾವುದು?
— ಓದುಗರೊಬ್ಬರು, ಹಾಸನ

ಉತ್ತರ: ತುಂಡು ತುಂಡಾಗಿ ಸಿಗುತ್ತದೆ. ಆದರೆ ರಾಮೇಶ್ವರ ನಿಲ್ದಾಣದಿಂದ ಹುಡುಕಲು ಹೊರಟರೆ ಕೆಟ್ಟಿರಿ. 1914ರಲ್ಲಿ ರಾಮೇಶ್ವರ ದ್ವೀಪವನ್ನು ಮುಖ್ಯನೆಲಕ್ಕೆ ಜೋಡಿಸಿದ ಪಂಬನ್ ಸೇತುವೆ ತೆರೆದಾಗ ಮುಖ್ಯ ಮಾರ್ಗ ಪಂಬನ್‌ನಿಂದ ಧನುಷ್ಕೋಡಿಗೇ ಹೋಗುತ್ತಿತ್ತು, ಮುಂದೆ ಶ್ರೀಲಂಕಾದ ತಲೈಮನ್ನಾರಿಗೆ ಹಡಗು. ರಾಮೇಶ್ವರದ್ದು ಪಂಬನ್‌ನಲ್ಲಿ ಕವಲೊಡೆದ ಬೇರೆ ಹಳಿ.

ಹೊರಡುವ ಮೊದಲು ಅಮೆರಿಕ ಸೇನೆಯ ಯು-502 ಸರಣಿಯ ಹಳೇ ನಕ್ಷೆ ಇಳಿಸಿಕೊಳ್ಳಿ. ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ತಾಣದಲ್ಲಿ ಉಚಿತ. ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ತಂತ್ರಾಂಶದಲ್ಲಿ ಅದನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸುವಾಗ ಸೇತುವೆಯ ಎರಡು ತುದಿ, ರಾಮನಾಥಸ್ವಾಮಿ ದೇವಾಲಯದಂಥ ಕದಲದ ಗುರುತುಗಳನ್ನೇ ಹಿಡಿಯಿರಿ, ಕನಿಷ್ಠ ಐದಾರು ಬೇಕು. ಕಡಲತೀರವನ್ನು ನಂಬಬೇಡಿ, ಅಲ್ಲಿ ಮರಳು ಸರಿಯುತ್ತಲೇ ಇರುತ್ತದೆ. ಈ ನಕ್ಷೆಯಲ್ಲಿ 1 ಮಿ.ಮೀ. ಎಂದರೆ ನೆಲದ ಮೇಲೆ 250 ಮೀಟರ್. ಹಾಗಾಗಿ ಅದರಲ್ಲಿನ ಹಳಿಯ ಗೆರೆ ಬರೀ ಸುಳಿವು. ಅದರ ಎರಡೂ ಬದಿ ಕಣ್ಣಾಡಿಸಿ: ರೈಲಿನ ದಾರಿ ನೇರವಾಗಿರುತ್ತದೆ, ತಿರುಗಿದರೂ ನಿಧಾನವಾಗಿ ಬಾಗುತ್ತದೆ, ಗಾಡಿದಾರಿ ಥಟ್ಟನೆ ಹೊರಳುತ್ತದೆ.

ನೆಲದ ಮೇಲೆ ಖಚಿತ ಸಾಕ್ಷಿ ಎಂದರೆ ಜಲ್ಲಿ. ದ್ವೀಪದ್ದೆಲ್ಲ ಮರಳು, ಹವಳದ ಕಲ್ಲು. ಚೂಪು ಅಂಚಿನ ಗಟ್ಟಿ ಕಲ್ಲು ಹೊರಗಿನಿಂದಲೇ ಬರಬೇಕು. ಹೊಸ ಹೆದ್ದಾರಿಗೂ ಜಲ್ಲಿ ಸುರಿದಿದ್ದಾರೆ, ಮೋಸ ಹೋಗುವುದು ಇಲ್ಲೇ. ಸಣ್ಣ ದೊಡ್ಡ ಬೆರೆತು ಡಾಂಬರು ಮೆತ್ತಿದ್ದರೆ ರಸ್ತೆಯದ್ದು; ಸುಮಾರು 5 ಸೆಂ.ಮೀ.ನ ಒಂದೇ ಅಳತೆಯ ಕಲ್ಲು ಉದ್ದಕ್ಕೂ ಸಾಲುಗಟ್ಟಿದ್ದರೆ ಹಳಿಯದ್ದು. ಬಳ್ಳಾರಿ ಜಾಲಿ ಬೆಳೆದ ಕಡೆ ಹಳಿಯ ಏರಿ ಮುಚ್ಚಿಹೋಗಿರುತ್ತದೆ, ದಪ್ಪ ಅಟ್ಟೆಯ ಶೂ ಇಲ್ಲದೆ ನುಗ್ಗಬೇಡಿ.

ಇನ್ನು ದುರಂತದ ಜಾಗ. ಡಿಸೆಂಬರ್ 22ರ ನಡುರಾತ್ರಿ ಹೊತ್ತಿಗೆ ಪಂಬನ್ ಬಿಟ್ಟ 653ನೇ ಪ್ಯಾಸೆಂಜರ್, ನೂರಕ್ಕೂ ಹೆಚ್ಚು ಪ್ರಯಾಣಿಕರೊಡನೆ ಧನುಷ್ಕೋಡಿ ನಿಲ್ದಾಣ ಇನ್ನೇನು ಬಂತು ಎನ್ನುವಾಗ ಅಲೆಗೆ ಸಿಕ್ಕಿತು. ಎಲ್ಲರೂ ಫೋಟೊ ತೆಗೆಯುವ ಪಾಳು ಚರ್ಚ್ ಅದಲ್ಲ. ಮೊದಲು ನಿಲ್ದಾಣದ ಪಾಳುಗೋಡೆ, ನೀರಿನ ತೊಟ್ಟಿಯ ಅವಶೇಷ ಗುರುತಿಸಿ, ಅಲ್ಲಿಂದ ಪಂಬನ್ ದಿಕ್ಕಿಗೆ ಜಲ್ಲಿಯ ಸಾಲು ಹಿಡಿದು ನಡೆಯಿರಿ.

ಈಶಾನ್ಯ ಮಾರುತದ ಮಳೆಯಲ್ಲಿ ಬಯಲಲ್ಲಿ ನೀರು ನಿಲ್ಲುತ್ತದೆ; ಫೆಬ್ರವರಿ, ಮಾರ್ಚ್ ಒಳ್ಳೆಯದು. ಸಂಜೆಯ ಮೇಲೆ ಚೆಕ್‌ಪೋಸ್ಟ್‌ನಲ್ಲಿ ಬಿಡುವುದಿಲ್ಲ, ಬೆಳಿಗ್ಗೆಯೇ ಹೋಗಿ.

ಪ್ರಶ್ನೆ: ಹಳಿಯ ಮೊಳೆ, ಹವಳದ ತುಂಡು ನೆನಪಿಗೆ ತರಬಹುದೇ?

ಉತ್ತರ: ಎರಡೂ ಬೇಡ. ಹವಳಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ರೈಲ್ವೆ ಸ್ವತ್ತನ್ನು ಅಕ್ರಮವಾಗಿ ಇಟ್ಟುಕೊಂಡರೆ 1966ರ ಕಾಯ್ದೆಯಡಿ ಅಪರಾಧ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆದುಕೊಳ್ಳಿ, ಜಿಪಿಎಸ್ ಅಂಕಿ ಬರೆದುಕೊಳ್ಳಿ.