ಕೆಲಸವಿಲ್ಲ ಎಂಬುದಕ್ಕೆ ಯಾರ ಮೊಹರು?

(ರಾಣೆಬೆನ್ನೂರು ತಾಲ್ಲೂಕಿನ ನಿವೃತ್ತ ಶಿಕ್ಷಕರೊಬ್ಬರ ಪತ್ರದ ಸಾರ: ಅವರ ಮಗಳು ಬಿ.ಕಾಂ. ಮುಗಿಸಿ, ಕೆಲಸ ಸಿಗದ ಪದವೀಧರರಿಗೆ ರಾಜ್ಯ ಸರ್ಕಾರ ಕೊಡುವ ಯುವನಿಧಿ ಭತ್ಯೆ ಪಡೆಯುತ್ತಿದ್ದಾಳೆ. ದೀಪಾವಳಿಯ ಹೊತ್ತಿಗೆ ಬಟ್ಟೆ ಅಂಗಡಿಯೊಂದರಲ್ಲಿ ಒಂದು ತಿಂಗಳು ಲೆಕ್ಕ ಬರೆದು ಸಂಬಳ ಪಡೆದಳು. ಭತ್ಯೆಗಾಗಿ ‘ಕೆಲಸವಿಲ್ಲ’ ಎಂದು ಕೊಡಬೇಕಾದ ಸ್ವಯಂ ಘೋಷಣೆಯಲ್ಲಿ ಅದನ್ನು ಹೇಳಬೇಕೇ? ಬೆಂಗಳೂರಿನ ಕಂಪನಿಯಲ್ಲಿ ದುಡಿಯುತ್ತಿರುವ ಪಕ್ಕದ ಮನೆಯ ಹುಡುಗ ಯಾವ ಅಳುಕೂ ಇಲ್ಲದೆ ಹಣ ಪಡೆಯುತ್ತಿದ್ದಾನಂತೆ. ಆದ್ದರಿಂದ ಗ್ರಾಮ ಆಡಳಿತಾಧಿಕಾರಿ ಸ್ಥಳ ಪರಿಶೀಲಿಸಿ ‘ನಿರುದ್ಯೋಗ ದೃಢೀಕರಣ ಪತ್ರ’ ಕೊಟ್ಟವರಿಗೆ ಮಾತ್ರ ಹಣ ಸಿಗುವಂತಾಗಬೇಕು ಎಂಬುದು ಅವರ ಸಲಹೆ.)

ಮಾನ್ಯ ಗುರುಗಳೇ,

ನಿಮ್ಮ ಸಿಟ್ಟು ನ್ಯಾಯವಾದದ್ದು. ನಿಮ್ಮ ಪರಿಹಾರವನ್ನು ಮಾತ್ರ ನಾನು ಒಪ್ಪಲಾರೆ.

ಕೆಲಸ ಇದ್ದವರ ಬಳಿ ನೇಮಕಾತಿ ಪತ್ರವೋ ಸಂಬಳದ ಚೀಟಿಯೋ ಪಿಎಫ್ ಸಂಖ್ಯೆಯೋ ಇರುತ್ತದೆ. ಇಲ್ಲದವರು ಏನು ತೋರಿಸಬೇಕು? ಗ್ರಾಮ ಆಡಳಿತಾಧಿಕಾರಿ ಹೊಲಕ್ಕೆ ಹೋಗಿ ಯಾವ ಬೆಳೆ ನಿಂತಿದೆ ಎಂದು ಹೇಳಬಲ್ಲರು. ನಿಮ್ಮ ಮಗಳು ಕಳೆದ ತಿಂಗಳು ಎಲ್ಲಿಯೂ ದುಡಿಯಲಿಲ್ಲ ಎಂದು ಹೇಳಲು ಅವರು ನೆರೆಹೊರೆಯವರನ್ನೇ ಕೇಳಬೇಕು, ಇಬ್ಬರು ಪಂಚರ ಸಹಿ ಹಾಕಿಸಬೇಕು. ಅಲ್ಲಿಗೆ ಅವಳ ಅರ್ಹತೆ ಊರವರ ನಾಲಿಗೆಯ ಮೇಲೆ ನಿಂತಂತಾಯಿತು. ಆದಾಯ ಪ್ರಮಾಣಪತ್ರಗಳಲ್ಲಿ ಓಣಿಗೆ ಓಣಿಯೇ ಒಂದೇ ಮೊತ್ತ ಸಂಪಾದಿಸುವುದನ್ನು, ವಿದ್ಯಾರ್ಥಿವೇತನದ ಅರ್ಜಿ ತುಂಬಿಸುವಾಗ ನೀವೂ ಕಂಡಿರುತ್ತೀರಿ. ನಿರುದ್ಯೋಗದ ಪತ್ರವೂ ಬಹುಬೇಗ ಅದೇ ಸಾಲಿಗೆ ಸೇರುತ್ತದೆ. ಮೇಲಾಗಿ ಅದಕ್ಕೊಂದು ದರವೂ ನಿಗದಿಯಾಗುತ್ತದೆ.

ಇಂಥ ಕಾಗದ ನಮ್ಮಲ್ಲಿ ಮೊದಲೂ ಇತ್ತು. ಉದ್ಯೋಗ ವಿನಿಮಯ ಕೇಂದ್ರದ ನೋಂದಣಿ ಕಾರ್ಡನ್ನು ನಿಮ್ಮ ತಲೆಮಾರಿನವರು ಜತನದಿಂದ ಕಾಪಾಡಿ, ಕಾಲಕಾಲಕ್ಕೆ ನವೀಕರಿಸುತ್ತಿದ್ದರು. ಹೆಸರು ನೋಂದಾಯಿಸಿದವರಲ್ಲಿ ಇನ್ನೂ ಓದುತ್ತಿದ್ದವರೂ ಇದ್ದರು, ಒಂದು ಕೆಲಸದಲ್ಲಿದ್ದುಕೊಂಡೇ ಇನ್ನೂ ಒಳ್ಳೆಯದಕ್ಕೆ ಕಾದಿದ್ದವರೂ ಇದ್ದರು. ಇವರು ಕೆಲಸ ಬೇಡುತ್ತಿದ್ದಾರೆ ಎಂದಷ್ಟೇ ಆ ಕಾರ್ಡು ಹೇಳುತ್ತಿತ್ತು.

ಇನ್ನು, ನಿರುದ್ಯೋಗಿ ಎಂದರೆ ಯಾರು ಎಂಬುದರಲ್ಲೇ ಸರ್ಕಾರಕ್ಕೆ ಒಂದು ಮಾತಿಲ್ಲ. ಕೇಂದ್ರದ ಕಾರ್ಮಿಕ ಬಲ ಸಮೀಕ್ಷೆಯ ವಾರದ ಲೆಕ್ಕದಲ್ಲಿ, ಹಿಂದಿನ 7 ದಿನಗಳಲ್ಲಿ ಯಾವುದಾದರೂ ಒಂದು ದಿನ 1 ಗಂಟೆ ದುಡಿದಿದ್ದರೂ ಆ ವ್ಯಕ್ತಿ ಉದ್ಯೋಗಿ. ಯುವನಿಧಿಯ ಅಳತೆ ಬೇರೆ. 2023ರ ಡಿಸೆಂಬರ್ 26ರಂದು ನೋಂದಣಿ ಆರಂಭವಾಗಿ, 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಈ ಯೋಜನೆ ಫಲಿತಾಂಶ ಬಂದು 180 ದಿನ ಕಳೆದರೂ ಕೆಲಸ ಸಿಗದವರಿಗೆಂದು ರೂಪುಗೊಂಡದ್ದು: ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500. ಕೆಲಸ ಸಿಗುವವರೆಗೆ, ಹೆಚ್ಚೆಂದರೆ 2 ವರ್ಷ. ಉನ್ನತ ವ್ಯಾಸಂಗಕ್ಕೆ ಸೇರಿದವರಿಗೂ ಅಪ್ರೆಂಟಿಸ್ ಭತ್ಯೆ ಪಡೆಯುವವರಿಗೂ ಇದು ಇಲ್ಲ. ಓದು ಮುಗಿದದ್ದಕ್ಕೆ ವಿಶ್ವವಿದ್ಯಾಲಯದ ದಾಖಲೆ ಇದೆ. ಕೆಲಸವಿಲ್ಲ ಎಂಬುದಕ್ಕೆ ಅಭ್ಯರ್ಥಿಯ ಸ್ವಂತ ಘೋಷಣೆ. ಮೊದಲು ಅದನ್ನು ಪ್ರತಿ ತಿಂಗಳೂ ಕೊಡಬೇಕಿತ್ತು, ನಂತರ ಮೂರು ತಿಂಗಳಿಗೊಮ್ಮೆ ಎಂದಾಯಿತು. ಸುಳ್ಳು ಹೇಳಿದರೆ ಹಣ ವಸೂಲಿ, ದಂಡ. ಸರ್ಕಾರ ಪ್ರಜೆಯ ಮಾತನ್ನು ಮೊದಲು ನಂಬಿ, ಆಮೇಲೆ ಪರೀಕ್ಷಿಸುವ ಈ ಕ್ರಮ ನನಗೆ ಹಿಡಿಸಿದೆ. ನಮ್ಮ ಕಚೇರಿಗಳಲ್ಲಿ ಇದು ತಿರುವುಮುರುವಾಗಿರುವುದೇ ಹೆಚ್ಚು.

ಪಿಎಫ್ ಮತ್ತು ಇಎಸ್‌ಐ (ಕಾರ್ಮಿಕರ ವಿಮೆ) ದಾಖಲೆಗಳೊಡನೆ ತಾಳೆ ನೋಡುವ ಆ ಪರೀಕ್ಷೆಯ ಬಲೆಗೆ ದೊಡ್ಡ ಮೀನೇ ಬೀಳಬೇಕು ಎಂಬುದನ್ನು ಗಮನಿಸಿ. ಪಿಎಫ್ ಸಾಮಾನ್ಯವಾಗಿ 20 ಅಥವಾ ಹೆಚ್ಚು ಜನರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ, ಇಎಸ್‌ಐ 10 ಜನರಿದ್ದರೆ. ನಾಲ್ಕೈದು ಜನರ ಬಟ್ಟೆ ಅಂಗಡಿಯ ಲೆಕ್ಕ ಎರಡರಲ್ಲೂ ಮೂಡುವುದಿಲ್ಲ. ಪಕ್ಕದ ಮನೆಯ ಹುಡುಗನ ಕಂಪನಿ ಪಿಎಫ್ ಕಟ್ಟುತ್ತಿದ್ದರೆ ಅಲ್ಲಿಯೂ ಅವನ ಆಧಾರ್ ಇದೆ, ಯುವನಿಧಿಯಲ್ಲೂ ಇದೆ. ಎರಡನ್ನೂ ತಾಳೆ ನೋಡಿದರೆ ಸಾಕು, ಯಾರೂ ನಿಮ್ಮ ಊರಿಗೆ ಬಂದು ವಿಚಾರಿಸಬೇಕಿಲ್ಲ. ನಿಮ್ಮ ದೃಢೀಕರಣ ಪತ್ರಕ್ಕಾಗಿ ಅಲೆಯಬೇಕಾದವಳು ನಿಮ್ಮ ಮಗಳೇ.

ಈಗ ಅವಳ ಪ್ರಶ್ನೆಗೆ ಬರೋಣ. ಸಂಬಳ ಪಡೆದ ತಿಂಗಳಿಗೆ ‘ಕೆಲಸವಿಲ್ಲ’ ಎಂದು ಘೋಷಿಸಕೂಡದು. ಒಮ್ಮೆ ಕೆಲಸ ಸಿಕ್ಕಿತೆಂದು ಬರೆದರೆ ಹೆಸರೇ ಕಾಯಂ ಆಗಿ ಹೊರಗೆ ಹೋದೀತು ಎಂಬ ಅವಳ ಭಯ ಸಹಜ. ಒಂದು ತಿಂಗಳ ಲೆಕ್ಕ ಬರೆಯುವಿಕೆಯನ್ನೂ ಕಾಯಂ ನೌಕರಿಯನ್ನೂ ಒಂದೇ ತಕ್ಕಡಿಯಲ್ಲಿಡುವ ಘೋಷಣೆ ಪ್ರಾಮಾಣಿಕರನ್ನೇ ಸುಳ್ಳಿನ ಕಡೆಗೆ ನೂಕುತ್ತದೆ. ಯೋಜನೆ ರೂಪಿಸಿದವರ ಮೇಲೆ ನನ್ನ ಮುಖ್ಯ ಆಕ್ಷೇಪ ಇದೇ. ಆದರೂ ಅವಳು ಹೀಗೆ ಮಾಡಲಿ: ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ದುಡಿದಳು, ಎಷ್ಟು ಸಂಬಳ ಬಂತು ಎಂದು ಅಂಗಡಿ ಮಾಲೀಕರಿಂದ ಎರಡು ಸಾಲು ಬರೆಸಿಕೊಳ್ಳಲಿ. ಅದನ್ನು ಲಗತ್ತಿಸಿ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೆ ಅರ್ಜಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ದಿನಾಂಕಸಹಿತ ಸ್ವೀಕೃತಿ ಹಾಕಿಸಿಕೊಳ್ಳಲಿ. ನಾಳೆ ವಸೂಲಿಯ ನೋಟಿಸು ಬಂದರೆ ಮಾತನಾಡುವುದು ಆ ಕಾಗದ.

ರಸೀದಿಯ ಬೆಲೆಯನ್ನು 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ ಚೆನ್ನಾಗಿ ತಿಳಿದಿತ್ತು. ಅದು ನಿರುದ್ಯೋಗದ ಪುರಾವೆಯನ್ನೇ ಕೇಳಲಿಲ್ಲ. ಹಳ್ಳಿಯಲ್ಲಿ ವಾಸ, ವಯಸ್ಸು 18, ಮೈಮುರಿದು ದುಡಿಯುವ ಇಚ್ಛೆ, ಇಷ್ಟೇ. ಕೆಲಸ ಕೇಳಿದ ಅರ್ಜಿಗೆ ದಿನಾಂಕವಿರುವ ರಸೀದಿ ಕೊಡಬೇಕು, 15 ದಿನದೊಳಗೆ ಕೆಲಸ ಕೊಡದಿದ್ದರೆ ಭತ್ಯೆ ಕೊಡಬೇಕು ಎಂದಿತು. ಸಾಬೀತುಪಡಿಸುವ ಹೊರೆ ಕೂಲಿಯವರಿಂದ ಪಂಚಾಯಿತಿಯ ಹೆಗಲಿಗೆ ದಾಟಿತ್ತು. ಹಲವು ಪಂಚಾಯಿತಿಗಳು ಆ ರಸೀದಿಯನ್ನೇ ಕೊಡಲು ಹಿಂಜರಿದದ್ದು ಸುಮ್ಮನೆ ಅಲ್ಲ.

ನಿಮ್ಮ ಪತ್ರದಲ್ಲಿಲ್ಲದ, ಆದರೆ ನಮ್ಮ ಅಂಚೆಯಲ್ಲಿ ಪದೇ ಪದೇ ಬರುವ ಎರಡು ಸಂಗತಿಗಳನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೊದಲನೆಯದು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಪದವಿ ಪ್ರಮಾಣಪತ್ರದಲ್ಲಿ ಅದರ ವಿಸ್ತೃತ ರೂಪ. ಗಣಕಯಂತ್ರದ ಕಣ್ಣಿಗೆ ಇವರು ಮೂವರು. ಅರ್ಜಿ ಹಾಕುವ ಮೊದಲೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಆಧಾರನ್ನು ಹೊಂದಿಸಿಕೊಳ್ಳುವುದು ಲೇಸು. ಎರಡನೆಯದು, ರಾಜ್ಯದಲ್ಲಿ ಕನಿಷ್ಠ 6 ವರ್ಷ ಓದಿರಬೇಕೆಂಬ ನಿಯಮ. ಮಹಾರಾಷ್ಟ್ರದ ಜತ್ತ ಅಥವಾ ಅಕ್ಕಲಕೋಟೆಯಲ್ಲಿ ಕನ್ನಡ ಮಾಧ್ಯಮದಲ್ಲೇ ಹತ್ತನೆಯ ತರಗತಿ ಮುಗಿಸಿ, ಪಿಯುಸಿಗೂ ಪದವಿಗೂ ವಿಜಯಪುರಕ್ಕೆ ಬಂದ ಹುಡುಗಿಯ ಲೆಕ್ಕ 2 ಮತ್ತು 3 ಸೇರಿ 5ಕ್ಕೇ ನಿಲ್ಲುತ್ತದೆ. ಗಡಿನಾಡ ಕನ್ನಡಿಗರ ಬಗ್ಗೆ ವೇದಿಕೆಯ ಮೇಲೆ ಗಂಟಲು ಕಟ್ಟುವಂತೆ ಮಾತನಾಡುವವರು ಈ ಒಂದು ವರ್ಷದ ಬಗ್ಗೆ ಮಾತನಾಡಲಿ.

ನೀವು ಬರೆದಿದ್ದ ಆ ಹುಡುಗನ ಹೆಸರು ಮತ್ತು ಅವನ ಕಂಪನಿಯ ಹೆಸರನ್ನು ಸಾರದಿಂದ ತೆಗೆದಿದ್ದೇನೆ. ದೂರು ಕೊಡಲೇಬೇಕೆನಿಸಿದರೆ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೆ ನಿಮ್ಮ ಸಹಿ ಹಾಕಿಯೇ ಕೊಡಿ. ಆದರೆ ಮಗಳ ಅರ್ಜಿ ಮೊದಲು ಹೋಗಲಿ.

— ಸಂಪಾದಕ