ಹಗ್ಗ ಹರಿದುಕೊಂಡು ಬಂದ ನಾಯಿ ಯಾರದು?

ಧಾರವಾಡದ ಹೊಸ ಬಡಾವಣೆಯೊಂದರಿಂದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಬಲಿಪಾಡ್ಯಮಿಯ ಮರುದಿನ ಬೆಳಗ್ಗೆ ಅವರ ಕಾಂಪೌಂಡಿನ ಮೂಲೆಯಲ್ಲಿ ಒಂದು ಹೆಣ್ಣು ನಾಯಿ ಮುದುರಿಕೊಂಡು ಮಲಗಿತ್ತು. ಉದ್ದ ಕಾಲು, ಚೂಪು ಮೂತಿ, ನೋಡಲು ಮುಧೋಳ ತಳಿಯ ಹಾಗೆ. ಪಕ್ಕೆಲುಬು ಎಣಿಸುವಷ್ಟು ಬಡಕಲು. ಕೊರಳಲ್ಲಿ ಹರಿದ ನೈಲಾನ್ ಹಗ್ಗ, ಅದರ ಕೆಳಗೆ ಗಾಯ, ಕಿವಿ ತುಂಬ ಉಣ್ಣಿ. ಹಿಂದಿನ ರಸ್ತೆಯಲ್ಲಿ ಕಟ್ಟುತ್ತಿರುವ ಮನೆಯೊಂದರ ಕಾವಲುಗಾರನ ಶೆಡ್ಡಿನ ಮುಂದೆ ಇಂಥದೇ ನಾಯಿಯನ್ನು ಕಟ್ಟಿದ್ದು ಕಂಡಿದ್ದೇನೆ ಎಂದು ಹಾಲು ಹಾಕುವ ಹುಡುಗ ಹೇಳಿದ್ದಾನೆ. ಶೆಡ್ಡಿಗೆ ಈಗ ಬೀಗ. ಯಜಮಾನರು ಅಲ್ಲೇ ಕಟ್ಟಿ ಬರೋಣ ಎನ್ನುತ್ತಾರೆ, ಮಗಳು ಕೊಡುವುದೇ ಇಲ್ಲ ಎಂದು ಹಟ ಹಿಡಿದಿದ್ದಾಳೆ. ನೆರೆಮನೆಯವರು ಮಾರ್ಕೆಟ್ ಕಡೆ ಬಿಟ್ಟರೆ ತಾನೇ ಬದುಕಿಕೊಳ್ಳುತ್ತದೆ ಎಂದು ಸಲಹೆ ಕೊಟ್ಟಿದ್ದಾರೆ. ಪತ್ರದ ಕೊನೆಗೆ ಅವರು ಕೇಳಿರುವುದು: “ಹಿಂಗ ಇಟ್ಟವರ ಕೈಗೆ ಹೊಳ್ಳಿ ಕೊಡೂದು ಪಾಪ ಅನ್ನಸ್ತದ. ಕೊಡದ ಇಟ್ಕೊಂಡ್ರ ಕಳವು ಆಗ್ತದೇನ್ರಿ?”

ತುರ್ತಿನ ಮಾತುಗಳನ್ನು ಅವರಿಗೆ ಫೋನಿನಲ್ಲೇ ತಿಳಿಸಿದ್ದೇವೆ. ಇಂಥ ನಾಯಿ ನಾಳೆ ಬೇರೆ ಓದುಗರ ಬಾಗಿಲಿಗೂ ಬರಬಹುದು, ಹಾಗಾಗಿ ಪೂರ್ತಿ ಉತ್ತರ ಇಲ್ಲಿದೆ.

ಪ್ರಿಯ ಸಹೋದರಿ,

ಇಷ್ಟು ದಿನ ನೀವು ಮಾಡಿದ್ದು ಕಳವಲ್ಲ. ಆ ಭಯ ಬಿಡಿ. ಆದರೆ ಇಟ್ಟುಕೊಳ್ಳಬೇಕೋ, ಕೊಡಬೇಕೋ ಎಂಬ ತೀರ್ಮಾನವನ್ನು ಇವತ್ತೇ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಆ ನಾಯಿಯ ಮೈ ನೋಡಿದರೆ ಅದು ಏನೇನು ಅನುಭವಿಸಿದೆ ಎಂದು ತಿಳಿಯುತ್ತದೆ, ಅದಕ್ಕೆ ಕಾರಣ ಯಾರು ಎಂದು ತಿಳಿಯುವುದಿಲ್ಲ. ನಿಮ್ಮ ಮನೆಯ ಮೂವರೂ, ನೆರೆಯವರೂ, ಈ ಎರಡನೆಯದನ್ನು ಆಗಲೇ ನಿರ್ಧರಿಸಿಬಿಟ್ಟ ಹಾಗೆ ಕಾಣುತ್ತದೆ.

ಮೊದಲು ದವಾಖಾನೆ. ಕೊರಳಿನ ಹಗ್ಗವನ್ನು ಮನೆಯಲ್ಲಿ ಎಳೆದು ಬಿಚ್ಚಲು ಹೋಗಬೇಡಿ. ಹಗ್ಗ ಚರ್ಮದೊಳಗೆ ಇಳಿದಿದ್ದರೆ ಮಾಂಸವೂ ಜೊತೆಗೆ ಬರುತ್ತದೆ, ನೋವಿನ ನಾಯಿ ಎಷ್ಟೇ ಸಾಧುವಾದರೂ ಕಚ್ಚುತ್ತದೆ. ಸರ್ಕಾರಿ ಪಶು ಆಸ್ಪತ್ರೆಯಲ್ಲಿ ದನಗಳನ್ನಷ್ಟೇ ನೋಡುತ್ತಾರೆ ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿದೆ. ನಾಯಿಯನ್ನೂ ನೋಡುತ್ತಾರೆ. ಹಗ್ಗ ತೆಗೆಸುವ ಮೊದಲು ಕೊರಳಿನ ಫೋಟೊ ತೆಗೆದುಕೊಳ್ಳಿ. ತೂಕ, ಗಾಯದ ಸ್ಥಿತಿ, ಹಲ್ಲು ನೋಡಿ ಅಂದಾಜು ಮಾಡಿದ ವಯಸ್ಸು, ಬಸಿರು ಇದೆಯೇ ಇಲ್ಲವೇ ಎಂಬುದನ್ನು ತಾರೀಖಿನ ಸಮೇತ ಚೀಟಿಯಲ್ಲಿ ಬರೆಸಿಕೊಳ್ಳಿ. ವಸಡು ಬಿಳಿಚಿಕೊಂಡಿದ್ದರೆ, ಜ್ವರವಿದ್ದರೆ, ಮೂಗಿನಲ್ಲಿ ರಕ್ತ ಬಂದಿದ್ದರೆ ಅದನ್ನು ಮರೆಯದೆ ಹೇಳಿ. ಉಣ್ಣಿಯಿಂದ ಹರಡುವ ಜ್ವರ ನಾಯಿಯನ್ನು ಒಳಗೊಳಗೇ ತಿನ್ನುತ್ತದೆ, ಆದರೆ ಬೇಗ ಗುರುತಿಸಿದರೆ ಔಷಧಿ ಇದೆ. ಕೈಯಿಂದ ಉಣ್ಣಿ ಹಿಸುಕುವುದು, ಸೀಮೆಎಣ್ಣೆ ಸವರುವುದು, ಮನೆಯಲ್ಲಿರುವ ನೋವಿನ ಮಾತ್ರೆ ಕೊಡುವುದು ಬೇಡ. ನಮಗೆ ಒಗ್ಗುವ ನೋವಿನ ಮಾತ್ರೆಗಳಲ್ಲಿ ಕೆಲವು ನಾಯಿಗೆ ವಿಷ.

ಮಗಳ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಲಸಿಕೆಯ ಚರಿತ್ರೆ ಗೊತ್ತಿಲ್ಲದ ನಾಯಿ ಇದು. ಅದರ ಮುಖದ ಹತ್ತಿರ ಮುಖ ಒಡ್ಡುವುದು ಸದ್ಯಕ್ಕೆ ಬೇಡ. ಹಲ್ಲು ತಾಗಿದರೆ, ಉಗುರು ಗೀರಿದರೆ, ತರಚಿದ ಚರ್ಮವನ್ನು ನೆಕ್ಕಿದರೆ ಸಹ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಮೊದಲ ದಿನವನ್ನು ಸೊನ್ನೆ ಎಂದಿಟ್ಟುಕೊಂಡು ಆ ದಿನವೂ, ಆಮೇಲೆ 3, 7, 28ನೇ ದಿನಗಳಲ್ಲೂ ಚುಚ್ಚುಮದ್ದು ಇರುತ್ತದೆ; ಸ್ನಾಯುವಿಗೆ ಕೊಡುವುದಾದರೆ 14ನೇ ದಿನವೂ ಒಂದು. ಗಾಯ ಆಳವಾಗಿದ್ದರೆ, ರಕ್ತ ಬಂದಿದ್ದರೆ ಗಾಯದ ಸುತ್ತ ಇನ್ನೊಂದು ಮದ್ದನ್ನೂ ಕೊಡುತ್ತಾರೆ. ನಾಯಿ ಆರೋಗ್ಯವಾಗಿಯೇ ಕಾಣುತ್ತಿದೆ, ನೋಡೋಣ ಎಂದು ಕಾಯಬೇಡಿ. ಹುಚ್ಚುನಾಯಿ ರೋಗ ಒಮ್ಮೆ ಲಕ್ಷಣ ತೋರಿದರೆ ಬದುಕಿಸುವ ದಾರಿ ಇಲ್ಲವೆಂದೇ ಹೇಳಬೇಕು.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಉಪವಾಸವಿದ್ದ ನಾಯಿಗೆ ಒಮ್ಮೆಲೇ ಹೊಟ್ಟೆ ತುಂಬ ಹಾಕಬಾರದು, ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಕೊಡಿ. ಮೆತ್ತಗೆ ಬೇಯಿಸಿದ ಅನ್ನ, ಬೇಯಿಸಿದ ಮೊಟ್ಟೆ, ನೆನೆಸಿದ ರೊಟ್ಟಿ ಸಾಕು. ಮುಧೋಳ ಸೀಮೆಯಲ್ಲಿ ಈ ನಾಯಿಗಳು ಜೋಳ, ಗೋವಿನಜೋಳ ತಿಂದೇ ಬೆಳೆದಿವೆ. ಉಳಿದ ಸಾಂಬಾರು, ಪಲ್ಯ ಬೇಡ, ಅದರಲ್ಲಿರುವ ಉಳ್ಳಾಗಡ್ಡಿ ನಾಯಿಯ ರಕ್ತವನ್ನು ಕೆಡಿಸುತ್ತದೆ. ಹಬ್ಬದ ಸಿಹಿಯೂ ಬೇಡ.

ಇನ್ನು ನಿಮ್ಮನ್ನು ಇಷ್ಟು ನೋಯಿಸಿದ ಆ ಪಕ್ಕೆಲುಬುಗಳ ವಿಷಯ. ಅದು ನಿಜಕ್ಕೂ ಮುಧೋಳ ತಳಿಯದ್ದಾದರೆ ಸ್ವಲ್ಪ ನಿಂತು ಯೋಚಿಸಬೇಕು. ಓಡಲಿಕ್ಕೆಂದೇ ಬೆಳೆಸಿದ ಬೇಟೆನಾಯಿ ಅದು. ಮುಧೋಳದ ಘೋರ್ಪಡೆ ಅರಸರು ಪೋಷಿಸಿದ ತಳಿ, 2005ರಲ್ಲಿ ಅಂಚೆ ಇಲಾಖೆಯ ಚೀಟಿಯ ಮೇಲೂ ಬಂದಿದೆ. ಒಳ್ಳೆಯ ಮನೆಯಲ್ಲಿ ಹೊಟ್ಟೆತುಂಬ ಉಂಡ ಮುಧೋಳ ನಾಯಿಗೂ ಹಿಂದಿನ ಎರಡು ಮೂರು ಪಕ್ಕೆಲುಬು ಕಾಣುತ್ತವೆ, ಸೊಂಟದ ಮೂಳೆಯ ತುದಿ ಕಾಣುತ್ತದೆ, ಹೊಟ್ಟೆ ಒಳಕ್ಕೆ ಎಳೆದುಕೊಂಡಿರುತ್ತದೆ. ಲ್ಯಾಬ್ರಡಾರ್ ನೋಡಿ ರೂಢಿಯಾದ ಕಣ್ಣಿಗೆ ಇದು ಹಸಿವಿನಂತೆ ತೋರುವುದು ಸಹಜ. ನೀವು ನೋಡಬೇಕಾದ್ದು ತೊಡೆಯನ್ನು, ತಲೆಯನ್ನು. ಚೆನ್ನಾಗಿರುವ ಮುಧೋಳ ನಾಯಿಯ ಹಿಂಗಾಲಿನ ತೊಡೆ ಕೈಗೆ ಗಟ್ಟಿಯಾಗಿ ಸಿಗುತ್ತದೆ. ತೊಡೆ ಜೋತಿದ್ದರೆ, ಕಣ್ಣಿನ ಮೇಲಿನ ಕಪಾಲ ಕುಳಿಬಿದ್ದಿದ್ದರೆ, ಬೆನ್ನೆಲುಬಿನ ಒಂದೊಂದು ಗಂಟೂ ಎದ್ದು ನಿಂತಿದ್ದರೆ ಮಾತ್ರ ಅದು ಬಹುಕಾಲದ ಹಸಿವು ಅಥವಾ ಒಳಗಿನ ಕಾಯಿಲೆ. ಜಂತುಹುಳು, ಉಣ್ಣಿಜ್ವರ, ಮೂತ್ರಪಿಂಡದ ತೊಂದರೆ, ಇತ್ತೀಚೆಗೆ ಹಾಕಿದ ಮರಿಗಳು, ಯಾವುದೂ ಹೀಗೆ ಕರಗಿಸಬಲ್ಲದು.

ಕೊರಳಿನ ಗಾಯವನ್ನೂ ಹಾಗೇ ನೋಡಿ. ಪಟಾಕಿ ಸದ್ದಿಗೆ ಬೆದರಿ ಒಂದೇ ರಾತ್ರಿ ಜಗ್ಗಿ ಜಗ್ಗಿ ಹಗ್ಗ ಹರಿದಿದ್ದರೆ ಗಾಯ ಹಸಿಯಾಗಿ, ಕೆಂಪಾಗಿ ಇರುತ್ತದೆ. ದೀಪಾವಳಿಯಲ್ಲಿ ಹೀಗೆ ಓಡಿಹೋಗುವ ನಾಯಿಗಳು ಬಹಳ. ನಮಗಿಂತ ಎಷ್ಟೋ ಸೂಕ್ಷ್ಮ ಕಿವಿ ಅವಕ್ಕೆ, ಬೆದರಿ ಓಡಿದ ಮೇಲೆ ಮನೆಯ ದಾರಿಯೂ ತಿಳಿಯುವುದಿಲ್ಲ. ಅದೇ ಗಾಯದ ಸುತ್ತ ಕೂದಲು ಉದುರಿ, ಚರ್ಮ ಕಪ್ಪಾಗಿ, ದಪ್ಪಗಾಗಿ ಬಳೆಯ ಹಾಗೆ ಸುತ್ತಿದ್ದರೆ ತಿಂಗಳುಗಟ್ಟಲೆ ಬಿಗಿದ ಹಗ್ಗದ ಗುರುತು. ಆಗ ಅದು ನಿರ್ಲಕ್ಷ್ಯವೇ, ಅದಕ್ಕೆ ಬೇರೆ ಹೆಸರಿಲ್ಲ. ಉಣ್ಣಿಯ ಮೇಲೆ ಮಾತ್ರ ಯಾರನ್ನೂ ದೂರಬೇಡಿ. ನಾಯಿಯ ಉಣ್ಣಿ ಇಟ್ಟಿಗೆ ರಾಶಿ, ಗೋಡೆಯ ಬಿರುಕುಗಳಲ್ಲಿ ಅಡಗಿ ಮೊಟ್ಟೆ ಇಡುತ್ತದೆ. ಕಟ್ಟಡ ಕೆಲಸದ ಜಾಗದಲ್ಲಿ ಕಟ್ಟಿದ ನಾಯಿಗೆ ದಿನಾ ಆರಿಸಿ ತೆಗೆದರೂ ಮತ್ತೆ ಹತ್ತುತ್ತದೆ.

ಈಗ ಆ ಬೀಗ ಹಾಕಿದ ಶೆಡ್ಡು. ಹೊಸ ಬಡಾವಣೆಗಳಲ್ಲಿ ಈ ನಾಯಿಗಳ ಬದುಕನ್ನು ನಾವು ಕಂಡೂ ಕಾಣದಂತೆ ಇರುತ್ತೇವೆ. ಮನೆ ಕಟ್ಟಲು ಶುರುಮಾಡಿದಾಗ ಉಸುಕು, ಸಿಮೆಂಟು, ಕಬ್ಬಿಣ ಕಾಯಲೆಂದು ಒಂದು ಮರಿ ತಂದು ಕಟ್ಟುತ್ತಾರೆ. ತಂದವರು ಒಮ್ಮೆ ಮನೆಯ ಮಾಲೀಕರು, ಒಮ್ಮೆ ಗುತ್ತಿಗೆದಾರರು. ಅನ್ನ ಹಾಕುವ ಭಾರ ಕಾವಲುಗಾರನ ಸಂಸಾರದ ಮೇಲೆ, ಅವರು ತಮ್ಮ ಪಾಲಿನದರಲ್ಲೇ ಹಂಚುತ್ತಾರೆ. ಗೃಹಪ್ರವೇಶ ಆದ ಮೇಲೆ ಹೊಸ ಟೈಲ್ಸ್ ಹಾಕಿದ ಮನೆಯೊಳಗೆ ಆ ನಾಯಿಗೆ ಜಾಗ ಇರುವುದಿಲ್ಲ, ಮುಂದಿನ ಕೆಲಸಕ್ಕೆ ಹೊರಟ ಸಂಸಾರಕ್ಕೆ ಬಸ್ಸಿನಲ್ಲಿ ಒಯ್ಯಲಾಗುವುದಿಲ್ಲ. ಹೀಗೆ ಬೀದಿಗೆ ಬಿದ್ದ ನಾಯಿಯನ್ನು ಯಾರು ಬಿಟ್ಟರು ಎಂದು ಕೇಳಿದರೆ ಬೆರಳು ಬಡವನ ಕಡೆಗೇ ತಿರುಗುತ್ತದೆ. ಇದು ನನಗೆ ಬಹಳ ನೋವಿನ ವಿಷಯ, ಹಾಗಾಗಿ ಇಷ್ಟು ಹೇಳಿದೆ.

ಕಾವಲುಗಾರ ಹಬ್ಬಕ್ಕೆ ಊರಿಗೆ ಹೋಗಿರಬಹುದು, ನೀರಿಟ್ಟು ಅನ್ನ ಹಾಕಲು ಯಾರಿಗೋ ಹೇಳಿಹೋಗಿರಬಹುದು. ಆತ ಬಂದಾಗ ನೀವಾಗಿಯೇ ಹೋಗಿ ಮಾತಾಡಿಸಿ. ನಾಯಿಯನ್ನು ಜೊತೆಗೆ ಒಯ್ಯಬೇಡಿ. ‘ನಿಮ್ಮ ನಾಯಿ ಕಾಣ್ತಾ ಇಲ್ಲಲ್ಲಾ’ ಎಂದು ಕೇಳಿ, ಆಮೇಲೆ ಸುಮ್ಮನೆ ಅವರ ಮಾತು ಕೇಳಿಸಿಕೊಳ್ಳಿ. ಹುಡುಕಿದ್ದಾರೆಯೇ, ಹೆಸರಿಟ್ಟು ಕರೆಯುತ್ತಾರೆಯೇ, ಮನೆಯ ಮಕ್ಕಳ ಮುಖ ಹೇಗಿದೆ ಎಂದು ನೋಡಿ. ಹೋದರೆ ಹೋಗಲಿ ಎಂದರೆ ಆ ಉತ್ತರವೂ ಸ್ಪಷ್ಟವೇ. ಆಗ ಯಾರಾದರೊಬ್ಬರ ಎದುರು, ಈ ನಾಯಿಯನ್ನು ಸ್ವಇಚ್ಛೆಯಿಂದ ಕೊಟ್ಟಿದ್ದೇನೆ ಎಂದು ಎರಡು ಸಾಲು ಬರೆಸಿ ಸಹಿ ಪಡೆಯಿರಿ. ನಾಯಿ ತಂದವರು ಮನೆಯ ಮಾಲೀಕರಾಗಿದ್ದರೆ ಸಹಿ ಅವರದ್ದಿರಬೇಕು.

ಅಳುತ್ತಾ ಓಡಿಬಂದರೆ? ಆಗ ನನ್ನ ಸಲಹೆ, ಹಿಂದಿರುಗಿಸಿ. ಬರಿಗೈಯಲ್ಲಿ ಅಲ್ಲ. ಅಗಲವಾದ ಬೆಲ್ಟು, ಉದ್ದನೆಯ ಚೈನು, ಔಷಧಿ, ಲಸಿಕೆಯ ಚೀಟಿ ಜೊತೆಗಿರಲಿ, ವಾರಕ್ಕೊಮ್ಮೆ ನೋಡಿ ಬರುತ್ತೇನೆ ಎಂಬ ಮಾತೂ ಇರಲಿ. ತಿಳಿಯದೆ, ಕೈಯಲ್ಲಾಗದೆ ನಾಯಿಯನ್ನು ಸೊರಗಿಸಿದವರು ಇಷ್ಟು ನೆರವು ಸಿಕ್ಕರೆ ಚೆನ್ನಾಗಿಯೇ ಸಾಕುತ್ತಾರೆ. ಬಡವರ ಮನೆ ಎಂಬ ಒಂದೇ ಕಾರಣಕ್ಕೆ ಅವರ ನಾಯಿಯನ್ನು ಇಟ್ಟುಕೊಳ್ಳುವ ಹಕ್ಕು ನಿಮಗೂ ಇಲ್ಲ, ನನಗೂ ಇಲ್ಲ.

ಆದರೆ ಆ ಕಪ್ಪು ಬಳೆಯಂಥ ಗುರುತು ಇದ್ದು, ನಾಯಿ ಆತನ ದನಿ ಕೇಳಿದ ಕೂಡಲೇ ನೆಲಕ್ಕೆ ಅಂಟಿ ನಡುಗಿದರೆ, ಹಿಂದಿರುಗಿಸುವ ಮುನ್ನ ದೂರು ಕೊಡಿ. ಇಲ್ಲಿಗೆ ಕಾನೂನಿನ ಮಾತು ಬರುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ತೀರ ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಮಿತಿಮೀರಿ ಕಟ್ಟುವುದು, ಸದಾ ಕಟ್ಟಿಟ್ಟ ನಾಯಿಯನ್ನು ಅಡ್ಡಾಡಿಸದಿರುವುದು, ಸಾಕಷ್ಟು ಅನ್ನ, ನೀರು, ನೆರಳು ಕೊಡದಿರುವುದು ಅಪರಾಧ. ಆದರೆ ಮೊದಲ ಸಲಕ್ಕೆ ಆ ಕಾಯ್ದೆಯಲ್ಲಿ ಬರೆದಿರುವ ದಂಡ 10ರಿಂದ 50 ರೂಪಾಯಿ. ಇಂಥ ದೂರಿನಲ್ಲಿ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತೆಯೂ ಇಲ್ಲ. ಒಂದು ಮೂಕಜೀವದ ವರ್ಷಗಟ್ಟಲೆಯ ನೋವಿಗೆ ಇಷ್ಟು ಕಡಿಮೆ ಬೆಲೆ ಕಟ್ಟಿರುವುದು ನಾಚಿಕೆಯ ಸಂಗತಿ. ಆದರೂ ಲಿಖಿತ ದೂರು ಕೊಡಿ, ಜಿಲ್ಲಾ ಪ್ರಾಣಿ ದಯಾ ಸಂಘಕ್ಕೂ ಒಂದು ಪ್ರತಿ ಹೋಗಲಿ. ವೈದ್ಯರ ಚೀಟಿ, ಫೋಟೊ ಉಪಯೋಗಕ್ಕೆ ಬರುವುದು ಆಗಲೇ. ಅಪರಾಧ ರುಜುವಾತಾದರೆ, ಮತ್ತೆ ಹಿಂಸೆಯಾಗುವ ಸಂಭವವಿದ್ದರೆ, ನಾಯಿಯನ್ನು ಮಾಲೀಕನಿಂದ ಬಿಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಎಷ್ಟೋ ಸಲ ದೂರು ಬರೆದಿದ್ದೇವೆ ಎಂದು ತಿಳಿದ ಮೇಲೆ ಮಾಲೀಕರೇ ನಾಯಿಯನ್ನು ಬರೆದುಕೊಟ್ಟುಬಿಡುತ್ತಾರೆ.

ಕಳವಿನ ಪ್ರಶ್ನೆಗೆ ಬರುತ್ತೇನೆ. ನಮ್ಮ ದಂಡಸಂಹಿತೆ ಕಳವನ್ನು ವಿವರಿಸುವಾಗ ಕೊಡುವ ಉದಾಹರಣೆಗಳಲ್ಲಿ ಒಂದು ನಾಯಿಯದ್ದೇ. ಇನ್ನೊಬ್ಬರ ನಾಯಿಯನ್ನು ಲಪಟಾಯಿಸುವ ಉದ್ದೇಶದಿಂದ ಜೇಬಿನಲ್ಲಿ ತಿನಿಸಿಟ್ಟುಕೊಂಡು ಹೋದರೆ, ನಾಯಿ ಹಿಂದೆ ಹೆಜ್ಜೆ ಹಾಕಿದ ಕ್ಷಣವೇ ಕಳವು ಪೂರ್ತಿಯಾಯಿತು ಎನ್ನುತ್ತದೆ ಅದು. 1860ರ ಸಂಹಿತೆಯಲ್ಲಿದ್ದ ಆ ಮಾತು ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಉಳಿದಿದೆ. ನಿಮ್ಮದು ಹಾಗಲ್ಲ, ನಾಯಿ ತಾನಾಗಿ ಬಂದಿದೆ. ನಿಮಗೆ ಅನ್ವಯಿಸುವುದು ಈ ಹೊಸ ಸಂಹಿತೆಯ 314ನೇ ಕಲಮಿನ ವಿವರಣೆ: ಸಿಕ್ಕಿದ ಸ್ವತ್ತನ್ನು ಒಡೆಯನಿಗಾಗಿ ಕಾಪಾಡಲು ತೆಗೆದುಕೊಂಡರೆ ತಪ್ಪಿಲ್ಲ. ಒಡೆಯ ಯಾರೆಂದು ಗೊತ್ತಿದ್ದೂ, ಅಥವಾ ತಕ್ಕಮಟ್ಟಿಗೆ ಹುಡುಕದೆ, ಕಾಯದೆ, ತನ್ನದಾಗಿ ಮಾಡಿಕೊಂಡರೆ ತಪ್ಪು. ಹಾಲಿನ ಹುಡುಗ ಶೆಡ್ಡಿನ ಸುಳಿವು ಕೊಟ್ಟ ಮೇಲೆ ಒಡೆಯ ಗೊತ್ತಿಲ್ಲ ಎಂದು ನೀವು ಹೇಳುವ ಹಾಗಿಲ್ಲ. ನಾಯಿಯನ್ನು ‘ಸ್ವತ್ತು’ ಎನ್ನುವುದು ನನಗೂ ಒಪ್ಪಿಗೆಯಿಲ್ಲ, ಆದರೆ ಕೋರ್ಟಿನಲ್ಲಿ ನಡೆಯುವುದು ಆ ಮಾತೇ. ಜೊತೆಗೆ, ಪ್ರಾಣಿಹಿಂಸೆ ತಡೆ ಕಾಯ್ದೆಯ 3ನೇ ಕಲಮು ಪ್ರಾಣಿಯ ಯೋಗಕ್ಷೇಮದ ಹೊಣೆಯನ್ನು ಅದು ಯಾರ ಸುಪರ್ದಿಯಲ್ಲಿದೆಯೋ ಅವರ ಮೇಲೆ ಹೊರಿಸುತ್ತದೆ. ಸದ್ಯ ಅದು ನೀವೇ.

ಆದ್ದರಿಂದ ಮಾರ್ಕೆಟ್ಟಿನಲ್ಲಿ ಬಿಡುವ ಮಾತನ್ನು ಪೂರ್ತಿ ಮರೆತುಬಿಡಿ. ಹಸಿವು, ಬಾಯಾರಿಕೆಯಿಂದ ನರಳುವಂಥ ಜಾಗದಲ್ಲಿ ಪ್ರಾಣಿಯನ್ನು ಬಿಟ್ಟುಬರುವುದೂ ಅದೇ 11ನೇ ಕಲಮಿನಡಿ ಅಪರಾಧ. ಅಲ್ಲಿನ ನಾಯಿಗಳ ಗುಂಪು ಹೊಸಬಳನ್ನು ಸೇರಿಸಿಕೊಳ್ಳುವುದಿಲ್ಲ, ಗಾಯಗೊಂಡ ಹೆಣ್ಣು ನಾಯಿಯನ್ನಂತೂ ಹರಿದುಹಾಕುತ್ತವೆ. ಬೀಗ ಹಾಕಿದ ಶೆಡ್ಡಿನ ಮುಂದೆ ಕಟ್ಟಿ ಬರುವುದೂ ಇದಕ್ಕಿಂತ ಬೇರೆಯಲ್ಲ. ನಿಮ್ಮ ಯಜಮಾನರಿಗೆ ದಯವಿಟ್ಟು ಇದನ್ನು ಓದಿ ಹೇಳಿ. ಒಪ್ಪಿಸಬೇಕಾದ್ದು ಮನುಷ್ಯರ ಕೈಗೆ.

ಶೆಡ್ಡಿನವರದ್ದಲ್ಲ ಎಂದಾದರೆ ನಾಲ್ಕಾರು ಓಣಿಗಳಲ್ಲಿ, ಹಾಲಿನ ಅಂಗಡಿ, ಔಷಧಿ ಅಂಗಡಿಗಳಲ್ಲಿ ಚೀಟಿ ಅಂಟಿಸಿ, ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಹಾಕಿ, ಠಾಣೆಗೂ ಬರೆದುಕೊಡಿ. ನಾಯಿಯ ಪೂರ್ತಿ ಫೋಟೊ ಹಾಕಬೇಡಿ. ತಳಿಯ ನಾಯಿ ಎಂದರೆ ಮರಿ ಹಾಕಿಸಿ ಮಾರುವವರೂ ನಮ್ಮದೇ ಎಂದು ಬರುತ್ತಾರೆ. ಬಣ್ಣ, ಸಿಕ್ಕ ದಿನ ಅಷ್ಟೇ ಇರಲಿ. ಎದೆಯ ಮೇಲಿನ ಮಚ್ಚೆ, ಕಿವಿಯ ಗುರುತು ಬಂದವರೇ ಹೇಳಬೇಕು, ಹಳೆಯ ಫೋಟೊ ತೋರಿಸಬೇಕು. ಕಿವಿಯ ತುದಿ ನೇರವಾಗಿ ಕತ್ತರಿಸಿದ್ದರೆ ಸಂತಾನಹರಣ ಚಿಕಿತ್ಸೆ ಆಗಿದೆ ಎಂದು ತಿಳಿಯಿರಿ. ಆಗಿಲ್ಲದಿದ್ದರೆ ಒಡೆತನ ಇತ್ಯರ್ಥವಾದ ಮೇಲೆ ಮಾಡಿಸಿ, ಅಲ್ಲಿಯವರೆಗೆ ಗೇಟು ಭದ್ರವಾಗಿರಲಿ.

ನಾಯಿ ಹೋಗಿಬಿಡಬಹುದು ಎಂದು ಮಗಳಿಗೆ ಈಗಲೇ ಹೇಳಿ, ಕಾವಲುಗಾರನ ಜೊತೆ ಮಾತಾಡಲು ಹೋಗುವಾಗ ಅವಳನ್ನೂ ಕರೆದೊಯ್ಯಿರಿ. ಅಲ್ಲಿಯೂ ಅವಳ ವಯಸ್ಸಿನ ಮಗು ಈ ನಾಯಿಗಾಗಿ ಕಾಯುತ್ತಿರಬಹುದು. ವೈದ್ಯರ ಚೀಟಿಯ ಜೆರಾಕ್ಸ್ ಒಂದನ್ನು ನೀವೇ ಇಟ್ಟುಕೊಳ್ಳಿ. ನಾಯಿ ಯಾರ ಮನೆಯಲ್ಲಿ ಉಳಿದರೂ ಮುಂದಿನ ಲಸಿಕೆಯ ತಾರೀಖು ನೆನಪಿಸಲು ಒಬ್ಬರು ಬೇಕಾಗುತ್ತದೆ.

— ಸಂಪಾದಕ