ಅಂತ್ಯಕಾಲದ ಪ್ರವಾದನೆಗಳೆಲ್ಲ ಕ್ರಿ.ಶ. 70ರಲ್ಲೇ ನೆರವೇರಿ ಮುಗಿದವೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಮಹಾಸಂಕಟ, ಕ್ರಿಸ್ತವಿರೋಧಿ, ಸಭೆಯ ಎತ್ತಲ್ಪಡುವಿಕೆ (ವಿಶ್ವಾಸಿಗಳು ಆಕಾಶಕ್ಕೆ ಎತ್ತಲ್ಪಡುವುದು) ಎಲ್ಲವೂ ಇನ್ನು ಮುಂದೆ ಬರಲಿವೆ ಎಂದು ಕೇಳುತ್ತಲೇ ಬೆಳೆದಿದ್ದೀರಿ. ಈಗ ಒಬ್ಬ ಬೋಧಕರು, ಅವೆಲ್ಲ ಕ್ರಿ.ಶ. 70ರಲ್ಲಿ ಯೆರೂಸಲೇಮ್ ರೋಮನ್ನರ ಕೈಗೆ ಬಿದ್ದಾಗಲೇ ಆಗಿಹೋದವು, ಕರ್ತನಾದ ಯೇಸುವಿನ ಎರಡನೇ ಬರೋಣವೂ ಮುಗಿದಿದೆ, ಇನ್ನು ಕಾಯುವುದಕ್ಕೆ ಏನೂ ಉಳಿದಿಲ್ಲ ಅನ್ನುತ್ತಿದ್ದಾರೆ. ವಚನ ತೆಗೆದು ನೋಡಿದರೆ ಅವರ ಮಾತು ಸರಿ ಅನ್ನಿಸುತ್ತಿದೆ, ಒಪ್ಪಿಕೊಂಡರೆ ವಿಶ್ವಾಸವೇ ಕೈತಪ್ಪುತ್ತದೇನೋ ಎಂಬ ಭಯವೂ ಇದೆ.

ಅವರು ಹೇಳುವುದರಲ್ಲಿ ಅರ್ಧ ಗಟ್ಟಿ, ಇನ್ನರ್ಧ ನಿಲ್ಲುವುದಿಲ್ಲ. ಹಲವು ವರ್ಷ ಬೈಬಲ್ ಅಧ್ಯಯನದ ಗುಂಪಿನಲ್ಲಿ ಈ ಅಧ್ಯಾಯಗಳನ್ನು ಓದಿ, ಜಗಳವಾಡಿ ನಾನು ಬಂದು ನಿಂತಿರುವ ಜಾಗ ಇದು. 'ಎಲ್ಲ ಮುಗಿದಿದೆ', 'ಏನೂ ಆಗಿಲ್ಲ' ಎಂಬ ಎರಡು ಗುಂಪುಗಳ ನಡುವೆ ಆಯ್ಕೆ ಮಾಡಬೇಕು ಎಂದುಕೊಂಡರೆ ಇದು ಯಾವತ್ತೂ ಬಗೆಹರಿಯುವುದಿಲ್ಲ. ಒಂದೊಂದು ಭಾಗವನ್ನೂ ಬೇರೆ ಬೇರೆಯಾಗಿಯೇ ಕೇಳಬೇಕು: ಇದನ್ನು ಯಾರಿಗೆ, ಯಾವ ಪ್ರಶ್ನೆಗೆ ಉತ್ತರವಾಗಿ ಹೇಳಿದ್ದು?

ಮೊದಲು ಗಟ್ಟಿಯಾದ ಅರ್ಧ. ಮತ್ತಾಯ 24 ಶುರುವಾಗುವುದು ಲೋಕಾಂತ್ಯದಿಂದಲ್ಲ, ಒಂದು ಕಟ್ಟಡದಿಂದ. ಶಿಷ್ಯರು ದೇವಾಲಯದ ಕಟ್ಟಡಗಳನ್ನು ತೋರಿಸುತ್ತಾರೆ. ಇಲ್ಲಿ ಕಲ್ಲಿನ ಮೇಲೆ ಕಲ್ಲು ಉಳಿಯುವುದಿಲ್ಲ ಎಂದು ಯೇಸು ಹೇಳುತ್ತಾನೆ. ಎಣ್ಣೆಮರಗಳ ಗುಡ್ಡದ ಮೇಲೆ ಕೂತಾಗ, ಅದು ಯಾವಾಗ ಆಗುತ್ತದೆ ಎಂದು ಅವರು ಕೇಳುತ್ತಾರೆ. ಆ ಗುಡ್ಡದಿಂದ ನೋಡಿದರೆ ಎದುರಿಗೇ ದೇವಾಲಯ. ಅವರ ಕಣ್ಣೆದುರಿದ್ದ ಆ ಕಟ್ಟಡವನ್ನು ಬಿಟ್ಟು, ಎರಡು ಸಾವಿರ ವರ್ಷದ ನಂತರ ಕಟ್ಟಲಿರುವ ಇನ್ನೊಂದು ದೇವಾಲಯದ ಬಗ್ಗೆ ಅವನು ಮಾತಾಡಿದ ಅನ್ನುವುದಕ್ಕೆ ಆ ಅಧ್ಯಾಯದಲ್ಲಿ ಆಧಾರ ಸಿಗುವುದಿಲ್ಲ. ಯೂದಾಯದಲ್ಲಿರುವವರು ಬೆಟ್ಟಗಳಿಗೆ ಓಡಲಿ, ಮಾಳಿಗೆ ಮೇಲಿರುವವನು ಕೆಳಗಿಳಿದು ಸಾಮಾನು ತೆಗೆದುಕೊಳ್ಳದಿರಲಿ, ಓಡಿಹೋಗುವುದು ಚಳಿಗಾಲದಲ್ಲಾಗಲಿ ಸಬ್ಬತ್ತಿನಲ್ಲಾಗಲಿ ಆಗದಂತೆ ಪ್ರಾರ್ಥಿಸಿರಿ: ಇದು ಇಡೀ ಭೂಮಿಗೆ ಬರುವ ಪ್ರಳಯದ ಮಾತಲ್ಲ, ಯುದ್ಧ ಬರುವ ಊರಿನವರಿಗೆ ಕೊಡುವ ಸಲಹೆ. ಲೂಕ 21 ಇನ್ನೂ ಬಿಡಿಸಿ ಹೇಳುತ್ತದೆ: ಸೈನ್ಯಗಳು ಯೆರೂಸಲೇಮನ್ನು ಸುತ್ತಿಕೊಂಡಿರುವುದನ್ನು ಕಂಡಾಗ ಅದು ಹಾಳಾಗುವ ಕಾಲ ಹತ್ತಿರವಾಯಿತು ಎಂದು ತಿಳಿಯಿರಿ.

ನಡೆದದ್ದೂ ಹಾಗೆಯೇ. ಕ್ರಿ.ಶ. 66ರಲ್ಲಿ ಯೆಹೂದ್ಯರು ರೋಮಿನ ವಿರುದ್ಧ ದಂಗೆ ಎದ್ದರು. ಆ ವರ್ಷವೇ ಸೆಸ್ಟಿಯಸ್ ಗ್ಯಾಲಸ್ ಎಂಬ ರೋಮನ್ ಅಧಿಕಾರಿ ಯೆರೂಸಲೇಮಿನ ಮೇಲೆ ದಂಡೆತ್ತಿ ಬಂದು, ಕಾರಣ ಸ್ಪಷ್ಟವಿಲ್ಲದೆ ಹಿಂದೆ ಸರಿದ. 70ರಲ್ಲಿ ರೋಮನ್ ಸೇನಾಪತಿ ಟೈಟಸ್ ಬಂದು ನಗರವನ್ನು ಮುತ್ತಿದಾಗ ಪಸ್ಕ ಹಬ್ಬಕ್ಕೆ ಬಂದ ಜನ ಒಳಗೇ ಸಿಕ್ಕಿಬಿದ್ದರು. ಟೈಟಸ್‌ನ ಪಾಳೆಯದಲ್ಲೇ ಇದ್ದು ಮುತ್ತಿಗೆಯನ್ನು ಕಂಡ ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಅಲ್ಲಿನ ಹಸಿವನ್ನು ವಿವರಿಸಿರುವ ಪುಟಗಳನ್ನು ಓದಲು ಗಟ್ಟಿ ಮನಸ್ಸು ಬೇಕು. ತಾಯಿಯೊಬ್ಬಳು ತನ್ನ ಕೂಸನ್ನೇ ತಿಂದ ಘಟನೆಯೂ ಅಲ್ಲಿದೆ. ಆಗಸ್ಟಿನಲ್ಲಿ ದೇವಾಲಯ ಸುಟ್ಟುಹೋಯಿತು. ಸತ್ತವರು 11 ಲಕ್ಷ ಎಂದು ಅವನು ಬರೆಯುತ್ತಾನೆ, ಅದು ಉತ್ಪ್ರೇಕ್ಷೆ ಎಂಬುದು ಇಂದಿನ ಬಹುತೇಕ ಇತಿಹಾಸಕಾರರ ಅಭಿಪ್ರಾಯ. ದೇವಾಲಯದ ಏಳು ಕವಲಿನ ದೀಪಸ್ತಂಭವನ್ನು ಸೈನಿಕರು ಹೊತ್ತೊಯ್ಯುವ ಕೆತ್ತನೆ ರೋಮಿನ ಟೈಟಸ್ ಕಮಾನಿನ ಮೇಲೆ ಇವತ್ತಿಗೂ ಇದೆ. ಆ ಯುದ್ಧಕ್ಕೆ ಮುಂಚೆಯೇ ಯೆರೂಸಲೇಮಿನ ಕ್ರೈಸ್ತರು ಯೊರ್ದನ್ ಆಚೆಗಿನ ಪೆಲ್ಲಾ ಊರಿಗೆ ಓಡಿಹೋದರು ಎಂದು ನಾಲ್ಕನೇ ಶತಮಾನದ ಸಭಾ ಇತಿಹಾಸಕಾರ ಯೂಸೆಬಿಯಸ್ ದಾಖಲಿಸಿದ್ದಾನೆ.

ಇಲ್ಲಿ ಒಂದು ಮಾತು ಹೇಳದಿದ್ದರೆ ಆಗುವುದಿಲ್ಲ. 70ರ ನಾಶವನ್ನು ಹಿಡಿದುಕೊಂಡು 'ಯೆಹೂದ್ಯರಿಗೆ ತಕ್ಕ ಶಾಸ್ತಿಯಾಯಿತು' ಎಂದು ಬೋಧಿಸುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಆ ನಗರವನ್ನು ನೋಡಿ ಯೇಸು ಅತ್ತನೆಂದು ಲೂಕ 19ರಲ್ಲಿದೆ. ಅವನು ಅತ್ತ ಕಡೆ ಇವರು ಚಪ್ಪಾಳೆ ತಟ್ಟುತ್ತಾರೆ.

ಈಗ ಕಷ್ಟದ ಭಾಗ. 'ಆ ದಿನಗಳ ಸಂಕಟ ತೀರಿದ ಕೂಡಲೇ ಸೂರ್ಯ ಕತ್ತಲಾಗುವನು, ನಕ್ಷತ್ರಗಳು ಬೀಳುವವು, ಮನುಷ್ಯಕುಮಾರನು ಮೇಘಗಳ ಮೇಲೆ ಬರುವನು' ಎಂದು 29ರಿಂದ 31ನೇ ವಚನದವರೆಗೆ ಇದೆಯಲ್ಲ, ಅದಂತೂ ಆಗಲಿಲ್ಲವಲ್ಲ ಎಂದು ಎಲ್ಲರೂ ಕೇಳುತ್ತಾರೆ. ನಾನು ಮೊದಲು ಯೆಶಾಯ 13 ತೆಗೆಯಿರಿ ಅನ್ನುತ್ತೇನೆ. ಅಲ್ಲೂ ಸೂರ್ಯ, ಚಂದ್ರ, ನಕ್ಷತ್ರಗಳೆಲ್ಲ ಕಪ್ಪಾಗುತ್ತವೆ, ಆಕಾಶ ನಡುಗುತ್ತದೆ. ಆದರೆ ಆ ಅಧ್ಯಾಯ ಬಾಬೆಲಿನ ಮೇಲೆ ಹೇಳಿದ ದೈವೋಕ್ತಿ, ಅಲ್ಲಿ ಕೈ ಮಾಡುವವರು ಮೇದ್ಯರು. ಕ್ರಿ.ಪೂ. 539ರಲ್ಲಿ ಬಾಬೆಲ್ ಬಿದ್ದಾಗ ಒಂದು ನಕ್ಷತ್ರವೂ ಕದಲಲಿಲ್ಲ. ಯೆಹೆಜ್ಕೇಲ 32ರಲ್ಲಿ ಫರೋಹನ ವಿಷಯದಲ್ಲೂ ಅದೇ ಭಾಷೆ. ಯೆಶಾಯ 19ರಲ್ಲಿ ಕರ್ತನು ಮೇಘವನ್ನೇರಿ ಐಗುಪ್ತಕ್ಕೆ ಬರುತ್ತಾನೆ, ಅಲ್ಲಿ ಯಾರೂ ಅವನನ್ನು ಕಣ್ಣಾರೆ ನೋಡಲಿಲ್ಲ. ದೊಡ್ಡ ಆಪತ್ತು ಬಂದಾಗ 'ಆಕಾಶವೇ ಕಳಚಿ ತಲೆಮೇಲೆ ಬಿತ್ತು' ಅನ್ನುವುದಿಲ್ಲವೇ? ಪ್ರವಾದಿಗಳಿಗೂ ಸಾಮ್ರಾಜ್ಯ ಉರುಳುವುದನ್ನು ಹೇಳಲು ಇಂಥದೇ ಒಂದು ಮಾತಿನ ಧಾಟಿ ಇತ್ತು.

ಯೇಸು ತನ್ನನ್ನೇ 'ಮನುಷ್ಯಕುಮಾರ' ಎಂದು ಕರೆದುಕೊಳ್ಳುತ್ತಿದ್ದ; ಮೇಘಗಳ ಮೇಲೆ ಬರುವ ಮನುಷ್ಯಕುಮಾರನ ಚಿತ್ರ ದಾನಿಯೇಲ 7ರದ್ದು. ಅಲ್ಲಿ ಅವನು ಭೂಮಿಗೆ ಇಳಿದು ಬರುವುದಿಲ್ಲ; ಮಹಾವೃದ್ಧನ, ಅಂದರೆ ದೇವರ ಸನ್ನಿಧಿಗೆ ಹೋಗುತ್ತಾನೆ, ರಾಜ್ಯಾಧಿಕಾರ ಪಡೆಯುತ್ತಾನೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮತ್ತಾಯ 26:64 ಓದಿ. ತನ್ನನ್ನು ವಿಚಾರಣೆ ಮಾಡುತ್ತಿರುವ ಮಹಾಯಾಜಕನಿಗೇ ಯೇಸು, ಮನುಷ್ಯಕುಮಾರನು ಮೇಘಗಳ ಮೇಲೆ ಬರುವುದನ್ನು 'ನೀವು ನೋಡುವಿರಿ' ಅನ್ನುತ್ತಾನೆ, ಅಂದರೆ ಆ ತಲೆಮಾರಿನವರೇ ನೋಡುವರು.

ಇಷ್ಟೆಲ್ಲ ಆದಮೇಲೆ 34ನೇ ವಚನ: ಇದೆಲ್ಲ ಆಗುವ ತನಕ ಈ ಸಂತತಿ ಅಳಿದುಹೋಗುವುದಿಲ್ಲ. ಯೇಸು ಇದನ್ನು ಹೇಳಿದ್ದು ಸುಮಾರು ಕ್ರಿ.ಶ. 30ರಲ್ಲಿ, ನಗರ ಬಿದ್ದದ್ದು 70ರಲ್ಲಿ, ನಡುವೆ ಸರಿಯಾಗಿ ಒಂದು ತಲೆಮಾರು. 'ಸಂತತಿ' ಅಂದರೆ ಯೆಹೂದ್ಯ ಜನಾಂಗ ಎಂದೋ, ಚಿಹ್ನೆಗಳನ್ನು ಕಾಣುವ ಮುಂದಿನ ತಲೆಮಾರು ಎಂದೋ ಹೇಳಿ ದಾಟಿಕೊಳ್ಳುವವರಿದ್ದಾರೆ. ಹಿಂದಿನ ಅಧ್ಯಾಯದಲ್ಲಿ, ಇದೆಲ್ಲ ಈ ಸಂತತಿಯ ಮೇಲೆ ಬರುವುದು ಎಂದು ಯೇಸು ಫರಿಸಾಯರಿಗೆ ಹೇಳಿದಾಗ ಅದು ಆಗಿನ ಜನರೇ ಎಂದು ಬಹುತೇಕ ಎಲ್ಲರೂ ಒಪ್ಪುತ್ತಾರೆ. ಒಂದು ಪುಟ ತಿರುಗಿಸುವಷ್ಟರಲ್ಲಿ ಅರ್ಥ ಬದಲಾಯಿತು ಅನ್ನುವ ವಾದ ನನಗೆ ಒಪ್ಪಿಗೆಯಾಗಿಲ್ಲ. ಇದೇ ವಚನವನ್ನು 'ಬೈಬಲಿನಲ್ಲಿ ಅತ್ಯಂತ ಮುಜುಗರ ತರುವ ವಚನ' ಎಂದು ಕರೆದವರು ನಾಸ್ತಿಕರಲ್ಲ, ಕ್ರೈಸ್ತ ಲೇಖಕ ಸಿ. ಎಸ್. ಲೂಯಿಸ್. 1948ರಲ್ಲಿ ಇಸ್ರೇಲ್ ರಾಷ್ಟ್ರ ಹುಟ್ಟಿದ್ದೇ, ಅದೇ ಅಧ್ಯಾಯದಲ್ಲಿ ಯೇಸು ಗುರುತಾಗಿ ಹೇಳಿದ ಅಂಜೂರದ ಮರ ಚಿಗುರಿದ್ದು ಎಂದು ಲೆಕ್ಕ ಹಾಕಿ, ಅದಕ್ಕೆ ಒಂದು ತಲೆಮಾರಿನ 40 ವರ್ಷ ಕೂಡಿಸಿ 1988ಕ್ಕೆ ಅಂತ್ಯಕಾಲ ಅಂದವರೂ ಇದ್ದರು. 1988 ಬಂತು, ಹೋಯಿತು.

ಇಲ್ಲಿಯವರೆಗೆ ಬಂದು ನಿಂತವರನ್ನು ಭಾಗಶಃ ಪ್ರೀಟೆರಿಸ್ಟರು ಅನ್ನುತ್ತಾರೆ, ಅಂದರೆ ಪ್ರವಾದನೆಗಳ ಬಹುಭಾಗ ಆಗಲೇ ನೆರವೇರಿತು, ಕಡೆಯ ಬರೋಣ ಮಾತ್ರ ಇನ್ನೂ ಬಾಕಿ ಎನ್ನುವವರು. ಆರ್. ಸಿ. ಸ್ಪ್ರೌಲ್ ಥರದ ಹೆಸರಾಂತ ಸಂಪ್ರದಾಯನಿಷ್ಠ ಬೋಧಕರೂ ಇದನ್ನು ಒಪ್ಪಿದ್ದರು. ನಾನೂ ಹೆಚ್ಚುಕಡಿಮೆ ಇಲ್ಲೇ ಇದ್ದೇನೆ, ಒಂದು ವಿಷಯ ಬಿಟ್ಟು: ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆ. ಅದನ್ನೂ ಪೂರ್ತಿಯಾಗಿ 70ರೊಳಗೆ ಸೇರಿಸಬೇಕಾದರೆ ಅದು 70ಕ್ಕೆ ಮುಂಚೆ ಬರೆದದ್ದಾಗಿರಬೇಕು. ಹಾಗೆ ಅನ್ನುವವರ ಒಂದು ಆಧಾರ, ಆ ಪುಸ್ತಕದಲ್ಲಿ ಮೃಗಕ್ಕೆ ಕೊಟ್ಟಿರುವ 666 ಎಂಬ ಸಂಖ್ಯೆ: 70ಕ್ಕೆ ಮುಂಚಿನ ರೋಮನ್ ಚಕ್ರವರ್ತಿ ನೀರೋ ಕೈಸರನ ಹೆಸರನ್ನು 'ನೀರೋನ್ ಕೈಸರ್' ಎಂದು ಇಬ್ರಿಯ ಅಕ್ಷರಗಳಲ್ಲಿ ಬರೆದು ಆ ಅಕ್ಷರಗಳ ಬೆಲೆ ಕೂಡಿಸಿದರೆ 666 ಬರುತ್ತದೆ, ಲ್ಯಾಟಿನ್ ಉಚ್ಚಾರಣೆಯಂತೆ 'ನೀರೋನ್'ನ ಕೊನೆಯ 'ನ್' ಬಿಟ್ಟರೆ 616 ಬರುತ್ತದೆ. ಕೆಲವು ಹಳೆಯ ಹಸ್ತಪ್ರತಿಗಳಲ್ಲಿ 616 ಎಂದೇ ಇರುವುದು ಈ ವಾದಕ್ಕೆ ಬಲ ಕೊಡುತ್ತದೆ. ಆದರೆ ಸುಮಾರು ಕ್ರಿ.ಶ. 180ರಲ್ಲಿ ಬರೆದ ಸಭಾನಾಯಕ ಐರೇನಿಯಸ್, ಪ್ರಕಟನೆ ಬರೆದ ಯೋಹಾನನಿಗೆ ಆ ದರ್ಶನವಾದದ್ದು ರೋಮನ್ ಚಕ್ರವರ್ತಿ ದೊಮಿಷಿಯನ್ ಆಳ್ವಿಕೆಯ ಕೊನೆಗೆ ಅನ್ನುತ್ತಾನೆ, ಅಂದರೆ 95ರ ಸುಮಾರಿಗೆ. ಹೆಚ್ಚಿನ ವಿದ್ವಾಂಸರೂ ಅದನ್ನೇ ಒಪ್ಪುತ್ತಾರೆ. ಮತ್ತಾಯ 24ರ ವಾದಕ್ಕೆ ಈ ಕಾಲನಿರ್ಣಯ ಬೇಕಾಗಿಲ್ಲ, ಪ್ರಕಟನೆಯ ವಾದ ಮಾತ್ರ ಇದರ ಮೇಲೇ ನಿಂತಿದೆ. ಎರಡನ್ನೂ ಒಂದೇ ಧೈರ್ಯದಿಂದ ಹೇಳುವ ಬೋಧಕರನ್ನು ಕಂಡರೆ ನಾನು ಸ್ವಲ್ಪ ಹುಷಾರಾಗುತ್ತೇನೆ.

ಇನ್ನು ನಿಲ್ಲದ ಅರ್ಧ. ನಿಮ್ಮ ಬೋಧಕರು ಹೇಳುತ್ತಿರುವುದು ಪೂರ್ಣ ಪ್ರೀಟೆರಿಸಂ: ಬರೋಣ, ಸತ್ತವರ ಪುನರುತ್ಥಾನ, ಕಡೇ ನ್ಯಾಯತೀರ್ಪು ಎಲ್ಲವೂ 70ರಲ್ಲಿ ಮುಗಿಯಿತು ಎಂಬುದು. ಪುನರುತ್ಥಾನ ಹೇಗೆ ಆಯಿತು ಎಂದು ಕೇಳಿದರೆ, ಅದು ಸಮಾಧಿಯಿಂದ ಏಳುವುದಲ್ಲ, ಹಳೆಯ ಒಡಂಬಡಿಕೆಯಿಂದ ಹೊಸದಕ್ಕೆ ದೇವಜನರು ದಾಟಿದ್ದು ಎಂಬ ಥರದ ಉತ್ತರ ಬರುತ್ತದೆ.

ಥೆಸಲೊನೀಕದ ಸಭೆಯನ್ನು ನೆನಪಿಸಿಕೊಳ್ಳಿ. ಪೌಲನು ಅವರಿಗೆ ಪತ್ರ ಬರೆದದ್ದು 50ರ ಸುಮಾರಿಗೆ. ಅವರ ಚಿಂತೆ ದೇವಾಲಯದ್ದಾಗಿರಲಿಲ್ಲ. ತಮ್ಮಲ್ಲಿ ಕೆಲವರು ತೀರಿಹೋಗಿದ್ದಾರೆ, ಕರ್ತನು ಬಂದಾಗ ಅವರ ಗತಿ ಏನು ಎಂದು ದುಃಖದಲ್ಲಿದ್ದರು. ಕ್ರಿಸ್ತನಲ್ಲಿ ಸತ್ತವರು ಮೊದಲು ಎದ್ದುಬರುವರು, ಈ ಮಾತುಗಳಿಂದ ಒಬ್ಬರನ್ನೊಬ್ಬರು ಸಂತೈಸಿರಿ ಎಂದು ಪೌಲ ಬರೆಯುತ್ತಾನೆ. ಇಪ್ಪತ್ತು ವರ್ಷ ಬಿಟ್ಟು, ಸಮುದ್ರದಾಚೆ ದೂರದ ಯೆರೂಸಲೇಮಿನಲ್ಲಿ ಒಂದು ಕಟ್ಟಡ ಸುಟ್ಟಿತು. ಗಂಡನನ್ನು ಹೂತುಬಂದ ಥೆಸಲೊನೀಕದ ವಿಧವೆಗೆ ಯಾರಾದರೂ 'ನೋಡಮ್ಮ, ಪೌಲ ಹೇಳಿದ್ದು ಇವತ್ತು ನೆರವೇರಿತು' ಅಂದಿದ್ದರೆ ಅವಳು ಏನನ್ನುತ್ತಿದ್ದಳು? ಸಮಾಧಿ ಹಾಗೆಯೇ ಇತ್ತು. 1 ಕೊರಿಂಥ 15ರಲ್ಲಿ ಪೌಲ ನಮ್ಮ ಪುನರುತ್ಥಾನವನ್ನು ಕ್ರಿಸ್ತನ ಪುನರುತ್ಥಾನಕ್ಕೆ ಗಂಟುಹಾಕುತ್ತಾನೆ, ಅವನು ಪ್ರಥಮಫಲ ಅನ್ನುತ್ತಾನೆ. ಕ್ರಿಸ್ತನ ಸಮಾಧಿ ಬರಿದಾಯಿತು, ನಮ್ಮದು ಮಾತ್ರ ಬರೀ ರೂಪಕ ಅಂದರೆ ಆ ಗಂಟು ಬಿಚ್ಚಿಹೋಗುತ್ತದೆ. ಪುನರುತ್ಥಾನ ಆಗಲೇ ಆಗಿಹೋಯಿತು ಎಂದು ಕಲಿಸುತ್ತಿದ್ದ ಹುಮೆನಾಯ, ಫಿಲೇತ ಎಂಬಿಬ್ಬರನ್ನು 2 ತಿಮೊಥೆಯ 2ರಲ್ಲಿ ಹೆಸರು ಹಿಡಿದೇ ಖಂಡಿಸಿದೆ. ಅದು 70ಕ್ಕೆ ಮುಂಚಿನ ಮಾತು ಎಂದು ಪೂರ್ಣ ಪ್ರೀಟೆರಿಸ್ಟರು ಉತ್ತರ ಕೊಡುತ್ತಾರೆ. ಆ ಉತ್ತರ ತಳ್ಳಿಹಾಕುವಂಥದ್ದಲ್ಲ, ಆದ್ದರಿಂದ ನಾನು ಆ ವಚನವೊಂದನ್ನೇ ನೆಚ್ಚಿಕೊಳ್ಳುವುದಿಲ್ಲ.

ನನಗೆ ಇದಕ್ಕಿಂತ ಭಾರವಾಗಿ ಕಾಣುವುದು 70ರ ನಂತರದ ಕ್ರೈಸ್ತರ ಮಾತು. ಒಂದನೇ ಶತಮಾನದ ಕೊನೆಯಲ್ಲಿ ರೋಮಿನ ಕ್ಲೆಮೆಂತನು ಕೊರಿಂಥದವರಿಗೆ ಬರೆದ ಪತ್ರದಲ್ಲಿ ಪುನರುತ್ಥಾನ ಮುಂದೆ ಬರಲಿರುವುದು. ಎರಡನೇ ಶತಮಾನದ ಜಸ್ಟಿನ್ ಮಾರ್ಟರ್ ಎರಡನೇ ಬರೋಣಕ್ಕೆ ಕಾಯುತ್ತಿದ್ದಾನೆ. ಯೆರೂಸಲೇಮಿನ ನಾಶ ಇವರಿಗೆಲ್ಲ ಗೊತ್ತಿದ್ದದ್ದೇ. ಆದರೂ 'ಕರ್ತನು ಬಂದು ಹೋದನು' ಎಂದು ಯಾರೂ ಬರೆಯಲಿಲ್ಲ. ಸಭೆ ತನ್ನ ಅತಿ ದೊಡ್ಡ ನಿರೀಕ್ಷೆ ನೆರವೇರಿದ್ದನ್ನೇ ಗಮನಿಸಲಿಲ್ಲ, ಹತ್ತೊಂಬತ್ತು ಶತಮಾನ ಕಳೆದ ಮೇಲೆ ಕೆಲವರಿಗೆ ಹೊಳೆಯಿತು ಎಂದು ನಂಬಬೇಕಾಗುತ್ತದೆ.

ನಿಮ್ಮ ಸಭೆಯ ಬೋಧನೆಯ ವಯಸ್ಸನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನ್ಯಾಯವಾಗುವುದಿಲ್ಲ. ಮಹಾಸಂಕಟಕ್ಕೆ ಮುಂಚೆ ಸಭೆ ಎತ್ತಲ್ಪಡುತ್ತದೆ ಎಂಬ ಬೋಧನೆ ವ್ಯವಸ್ಥಿತ ರೂಪ ಪಡೆದದ್ದು 1830ರ ದಶಕದಲ್ಲಿ ಬೋಧಕ ಜಾನ್ ನೆಲ್ಸನ್ ಡಾರ್ಬಿಯಿಂದ. ಮನೆಮನೆಗೆ ಹಬ್ಬಿದ್ದು 1909ರ ಸ್ಕೋಫೀಲ್ಡ್ ಟಿಪ್ಪಣಿ ಬೈಬಲಿನಿಂದ. ಅದಕ್ಕೂ ಮುಂಚೆ, ಪೋಪನೇ ಕ್ರಿಸ್ತವಿರೋಧಿ ಎಂದು ಪ್ರಾಟೆಸ್ಟಂಟರು ಹೇಳುತ್ತಿದ್ದಾಗ, ಜೆಸ್ಯೂಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿ ರಿಬೆರಾ ಆ ಪ್ರವಾದನೆಗಳನ್ನು ಭವಿಷ್ಯಕ್ಕೆ ತಳ್ಳಿದ, ಅಲ್ಕಾಸರ್ ಎಂಬ ಇನ್ನೊಬ್ಬ ಜೆಸ್ಯೂಟ್ ಬಹುಪಾಲನ್ನು ಭೂತಕಾಲಕ್ಕೆ ತಳ್ಳಿದ. ಇವತ್ತು ಒಬ್ಬರ ಮುಖ ಒಬ್ಬರು ನೋಡದ ಎರಡು ಪಂಗಡಗಳಿಗೂ ಒಂದೇ ಸಂಘದ ಹಿರಿಯರು!

ನಿಮ್ಮ ಭಯದ ವಿಷಯಕ್ಕೆ ಬರುತ್ತೇನೆ. ಮತ್ತಾಯ 24ರ ಬಹುಭಾಗ 70ರಲ್ಲಿ ನೆರವೇರಿತು ಎಂದುಕೊಂಡ ಮಾತ್ರಕ್ಕೆ ನೀವು ವಿಶ್ವಾಸ ಬಿಟ್ಟಂತಾಗುವುದಿಲ್ಲ. ಯೂಸೆಬಿಯಸ್, ಕ್ರಿಸೊಸ್ತಮ್ ಅಂಥ ಹಳೆಯ ಸಭಾನಾಯಕರೇ ಅದರ ಎಷ್ಟೋ ವಚನಗಳನ್ನು ಯೆರೂಸಲೇಮಿನ ನಾಶಕ್ಕೆ ಅನ್ವಯಿಸಿದ್ದಾರೆ. ನೈಸೀಯ ವಿಶ್ವಾಸಪ್ರಮಾಣದಲ್ಲಿ ಮಹಾಸಂಕಟದ ಏಳು ವರ್ಷವೂ ಇಲ್ಲ, ಮೃಗದ ಗುರುತೂ ಇಲ್ಲ. ಬದುಕಿರುವವರಿಗೂ ಸತ್ತವರಿಗೂ ನ್ಯಾಯತೀರಿಸಲು ಅವನು ಮಹಿಮೆಯಿಂದ ಮತ್ತೆ ಬರುತ್ತಾನೆ, ಸತ್ತವರು ಏಳುತ್ತಾರೆ, ಅವನ ರಾಜ್ಯಕ್ಕೆ ಅಂತ್ಯವಿಲ್ಲ, ಇಷ್ಟೇ ಇರುವುದು.

ಆ ಬೋಧಕರು ಮತ್ತೆ ಸಿಕ್ಕರೆ 666ರ ಲೆಕ್ಕಕ್ಕೆ ಹೋಗಬೇಡಿ, ರಾತ್ರಿ ಬೆಳಗಾಗುತ್ತದೆ. ಎರಡೇ ಪ್ರಶ್ನೆ ಕೇಳಿ. ಸಮಾಧಿಯಲ್ಲಿರುವವರು ಏಳುತ್ತಾರೋ ಇಲ್ಲವೋ? ಎರಡನೆಯದು, 1 ಕೊರಿಂಥ 11ರ ಪ್ರಕಾರ ಕರ್ತನ ಭೋಜನ ಮಾಡುವುದು 'ಆತನು ಬರುವ ತನಕ'; ಬಂದಾಗಿದ್ದರೆ ಇನ್ನೂ ಯಾಕೆ ರೊಟ್ಟಿ ಮುರಿಯುತ್ತೀರಿ? ಅವರಲ್ಲೇ ಕೆಲವರು, ಹೌದು, ಅದನ್ನೂ ನಿಲ್ಲಿಸಬೇಕು ಅನ್ನುವವರಿದ್ದಾರೆ. ನಿಮ್ಮವರು ಯಾವ ಕಡೆ ಎಂದು ಅವರ ಬಾಯಿಂದಲೇ ಕೇಳಿ.